ಮನೆ ಲೆಕ್ಕದ ಸಾಫ್ಟ್‌ವೇರ್ ಕೈಕೊಟ್ಟಾಗ: ಅಂಗಡಿ, ಫೋನ್, ಕೈಪಿಡಿ, ದಿವಾನಜಿ ಕಾಕಾ

ಮೂರು ವರ್ಷದಿಂದ ನಮ್ಮ ಮನೆಯ ಲೆಕ್ಕವೆಲ್ಲ ಗ್ನೂಕ್ಯಾಶ್‌ನಲ್ಲಿದೆ. ನನ್ನ ಪಗಾರ, ಮುಧೋಳದ ಹತ್ತಿರದ ಹೊಲದ ಕಬ್ಬಿನ ಬಿಲ್ಲು, ಮೇಲಿನ ಮನೆಯ ಬಾಡಿಗೆ, ಅತ್ತೆಯವರ ಔಷಧ, ದಿನಕ್ಕೆ ನೂರು ರೂಪಾಯಿಯ ಪಿಗ್ಮಿ ಉಳಿತಾಯ, ಎಲ್ಲವೂ. ಗ್ನೂಕ್ಯಾಶ್ (GnuCash) ಪುಕ್ಕಟೆ ಸಿಗುವ ಲೆಕ್ಕದ ಸಾಫ್ಟ್‌ವೇರ್, 1998ರಲ್ಲಿ ಮೊದಲು ಹೊರಬಂದದ್ದು, ಸ್ವಯಂಸೇವಕರು ಬೆಳೆಸುತ್ತಿರುವಂಥದ್ದು. ಹಾಗಾಗಿ ಕೆಟ್ಟರೆ ಫೋನ್ ಮಾಡಲು ಕಂಪನಿ ಇಲ್ಲ. ಈ ವರ್ಷ ಮಾರ್ಚ್ ಕೊನೆಯಲ್ಲಿ ಕೆಟ್ಟಿತು. ಬಾಗಲಕೋಟೆಯಲ್ಲಿ ಇದಕ್ಕೆ ಸಹಾಯ ಎಲ್ಲಿ ಸಿಗುತ್ತದೆ ಎಂದು ಹುಡುಕಿ ಹಲವು ಕಡೆ ಹೋದೆ. ಇನ್ನೊಬ್ಬರ ಅಲೆದಾಟ ತಪ್ಪಲಿ ಎಂದು ಬರೆಯುತ್ತಿದ್ದೇನೆ.

ಶುರುವಾದದ್ದು ಕರೆಂಟ್ ಹೋದಾಗ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ, ಕರೆಂಟಿನ ಜೊತೆಗೇ ಅದೂ ಆರಿತು. ಸಂಜೆ ತೆರೆದರೆ ಕಡತದ ಲಾಕ್ ಸಿಗುತ್ತಿಲ್ಲ ಎಂಬ ಸಂದೇಶ. ವರ್ಷದ ಲೆಕ್ಕವೆಲ್ಲ ಹೋಯಿತು ಎಂದು ಎದೆ ಧಸಕ್ಕೆಂದಿತು.

ಮೊದಲು ಹೋದದ್ದು ನವನಗರದ ಒಂದು ಕಂಪ್ಯೂಟರ್ ಅಂಗಡಿಗೆ. ಹುಡುಗ ಒಳ್ಳೆಯವನು. "ಅಕ್ಕಾರ, ಟ್ಯಾಲಿ ಆಗಿದ್ರ ಐದು ನಿಮಿಷದ ಕೆಲಸ, ಇದನ್ನ ನಾ ನೋಡೇ ಇಲ್ರಿ" ಎಂದ. ನಮ್ಮ ಕಡೆ ಅಂಗಡಿ ಲೆಕ್ಕ ಅಂದರೆ ಟ್ಯಾಲಿ ಎಂಬ ಸಾಫ್ಟ್‌ವೇರೇ. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ, ಮುನ್ನೂರು ರೂಪಾಯಿ ತೆಗೆದುಕೊಂಡ. ಮನೆಗೆ ಬಂದು ತೆರೆದರೆ ಅದೇ ಸಂದೇಶ. ಮರುದಿನ ಹೋದಾಗ ಪೂರ್ತಿ ಫಾರ್ಮ್ಯಾಟ್ ಮಾಡೋಣ ಎಂದ. ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು, ಲ್ಯಾಪ್‌ಟಾಪ್ ಎತ್ತಿಕೊಂಡು ಬಂದೆ. ತೆರಿಗೆ ಸಲಹೆಗಾರರ ಕಚೇರಿಯಲ್ಲಿ ಕೇಳಿದರೂ ಅದೇ ದಾರಿ: ಎಲ್ಲವನ್ನೂ ಟ್ಯಾಲಿಗೆ ಹೊಸದಾಗಿ ಹಾಕಿಕೊಡುತ್ತೇವೆ, ವರ್ಷಕ್ಕೆ ಇಷ್ಟು ಫೀ. ವ್ಯಾಪಾರಿಗಳಿಗೆ ಅದು ಸರಿ. ಕಿರಾಣಿ ಖರ್ಚು, ಔಷಧದ ಚೀಟಿ ಬರೆಯುವವಳಿಗೆ ಅಲ್ಲ.

ಎರಡನೆಯದು ಅಂತರ್ಜಾಲದಲ್ಲಿ ಹುಡುಕಿದಾಗ ಸಿಕ್ಕ "ಗ್ರಾಹಕ ಸಹಾಯ" ನಂಬರು. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎತ್ತಿದವನು ಎರಡನೇ ಮಾತಿಗೇ ನನ್ನ ಪರದೆ ಅವನಿಗೆ ಕಾಣುವ ಆ್ಯಪ್ ಹಾಕಿಕೊಳ್ಳಲು ಹೇಳಿದ, ಮೂರನೇ ಮಾತಿಗೆ ಯಾವ ಬ್ಯಾಂಕ್ ಎಂದು ಕೇಳಿದ. ಫೋನ್ ಇಟ್ಟೆ. ಸಾಫ್ಟ್‌ವೇರಿಗೆ ಕಂಪನಿಯೇ ಇಲ್ಲದಿದ್ದಾಗ ಅದರ ಹೆಸರಿನ ನಂಬರು ಎಲ್ಲಿಂದ ಬಂತು ಎಂದು ಡಯಲ್ ಮಾಡುವ ಮುಂಚೆಯೇ ಯೋಚಿಸಬೇಕಿತ್ತು. ಯಾರಾದರೂ ಇಂಥವರಿಗೆ ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೂರನೆಯದು ಎಐ ಚಾಟ್. ಅರ್ಧ ಉಪಯೋಗವಾಯಿತು. ಲಾಕ್ ಅಂದರೇನು ಎಂದು ಕನ್ನಡದಲ್ಲೇ ಚೆನ್ನಾಗಿ ವಿವರಿಸಿತು, ಆಮೇಲೆ ಇಲ್ಲದ ಒಂದು ಮೆನುವಿನ ಹೆಸರು ಹೇಳಿ ಅರ್ಧ ಗಂಟೆ ಹುಡುಕಿಸಿತು. ಬ್ಯಾಂಕ್ ಸ್ಟೇಟ್‌ಮೆಂಟ್ ಅದಕ್ಕೆ ಕೊಡಬೇಡಿ. ಪ್ರಶ್ನೆಯನ್ನಷ್ಟೇ ಕೇಳಿ.

ಕಡೆಗೆ ಲಾಕ್ ಬಿಚ್ಚಿದ್ದು ಗ್ನೂಕ್ಯಾಶ್‌ನ ಸ್ವಂತ ಕೈಪಿಡಿ, ಹೆಲ್ಪ್ ಮೆನುವಿನಲ್ಲೇ ಇರುವಂಥದ್ದು. ಇಂಗ್ಲಿಷಿನಲ್ಲಿದೆ, ಉದ್ದವಿದೆ, ಆದರೆ ಸುಳ್ಳು ಹೇಳುವುದಿಲ್ಲ. ಕಡತ ತೆರೆದಿರುವಾಗ ಪಕ್ಕದಲ್ಲಿ ಎಲ್‌ಸಿಕೆ (.LCK) ಎಂದು ಕೊನೆಯಾಗುವ ಒಂದು ಪುಟ್ಟ ಕಡತ ಹುಟ್ಟುತ್ತದೆ, ಸರಿಯಾಗಿ ಮುಚ್ಚಿದರೆ ಅಳಿಯುತ್ತದೆ. ಕರೆಂಟ್ ಹೋದರೆ ಅಲ್ಲೇ ಉಳಿಯುತ್ತದೆ. ಸಾಫ್ಟ್‌ವೇರನ್ನು ಎಷ್ಟು ಸಲ ತೆಗೆದು ಹಾಕಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಇರುವುದು ನನ್ನ ಲೆಕ್ಕದ ಫೋಲ್ಡರಿನಲ್ಲಿ. ಬೇರೆ ಎಲ್ಲಿಯೂ ಕಡತ ತೆರೆದಿಲ್ಲ ಎಂದು ಖಾತ್ರಿ ಮಾಡಿಕೊಂಡು "ಓಪನ್ ಎನಿವೇ" ಒತ್ತಿದೆ. ಎಲ್ಲವೂ ಇತ್ತು! ಅದೇ ಫೋಲ್ಡರಿನಲ್ಲಿ ತಾರೀಖು ಹೊತ್ತ ಹಳೇ ಪ್ರತಿಗಳೂ ಸಾಲಾಗಿ ಕೂತಿದ್ದವು. ಸೇವ್ ಆದಾಗಲೆಲ್ಲ ಒಂದು ಪ್ರತಿ ಎತ್ತಿಟ್ಟು, ನಾವು ಬದಲಿಸದಿದ್ದರೆ 30 ದಿನ ಕಾಯ್ದುಕೊಳ್ಳುತ್ತದೆಯಂತೆ. ಇದು ಗೊತ್ತಿದ್ದರೆ ಅಂಗಡಿಗೆ ಹೋಗುತ್ತಲೇ ಇರಲಿಲ್ಲ.

ಆದರೆ ಕಡತ ತೆರೆದ ಮೇಲೆ ಬ್ಯಾಂಕಿನ ಬಾಕಿಗೂ ನನ್ನ ಬಾಕಿಗೂ 450 ರೂಪಾಯಿ ವ್ಯತ್ಯಾಸ. ಸಾಫ್ಟ್‌ವೇರೇ ಕೆಟ್ಟಿದೆ ಎಂದುಕೊಂಡು ಕೈಪಿಡಿಯನ್ನು ಎರಡು ರಾತ್ರಿ ತಿರುವಿದೆ. ಏನೂ ಸಿಗಲಿಲ್ಲ. ಆಗ ಮಾವನವರು ಹೇಳಿದ್ದು, ಹಳೇ ಊರಿನ ಅಡತಿ (ದಲಾಲಿ) ಅಂಗಡಿಯಲ್ಲಿ ಲೆಕ್ಕ ಬರೆಯುವ ದಿವಾನಜಿ ಆಗಿದ್ದ ಕಾಕಾನ ಹತ್ತಿರ ಹೋಗು ಅಂತ. ಕಂಪ್ಯೂಟರ್ ಮುಟ್ಟಿದವರಲ್ಲ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದುಕೊಂಡು ಹೋದೆ.

"ಎಷ್ಟು ಫರಕ್ ಅಂದಿ ತಂಗಿ? ನಾನೂರಾ ಐವತ್ತ? ಒಂಬತ್ತರಲೆ ಭಾಗಿಸು."

ಐವತ್ತು ಬಂತು, ಶೇಷವಿಲ್ಲ.

"ಹಂಗಾರ ಅಂಕಿ ಹಿಂದುಮುಂದು ಬರದಿರಬೇಕು. ಹುಡುಕು."

ಹುಡುಕಿದರೆ ಕರೆಂಟ್ ಬಿಲ್ 2,830 ಕಟ್ಟಿದ್ದನ್ನು 2,380 ಎಂದು ಬರೆದಿದ್ದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುತ್ತದೆ. ಕಿರ್ದಿ ಖತಾವಣಿ ಬರೆಯುವವರಿಗೆ ಇದು ಬಾಯಿಪಾಠ.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಬೆರಳು ಹಾಳೆಯ ಮೇಲೆ ಇಳಿಯುತ್ತ ಪಿಗ್ಮಿಯ ಸಾಲಿಗೆ ಬಂದು ನಿಂತಿತು. ತಿಂಗಳಿಗೆ ಮೂರು ಸಾವಿರ ಪಿಗ್ಮಿಗೆ ಕೊಟ್ಟದ್ದನ್ನು ಖರ್ಚು ಎಂದು ಬರೆದಿದ್ದೆ. ವರ್ಷ ತುಂಬಿ 37,080 ಕೈಗೆ ಬಂದಾಗ ಅದನ್ನು ಆದಾಯ ಎಂದು ಬರೆದಿದ್ದೆ. "ನಿನ್ನ ರೊಕ್ಕ ನಿನಗ ವಾಪಸ್ ಬಂದ್ರ ಅದು ಹೆಂಗ ಆದಾಯ ಆಕ್ಕೈತಿ? ಬಡ್ಡಿ ಅಷ್ಟ ಆದಾಯ." ಅಂದರೆ ಬರೀ 1,080. ಮನೆಯ ಖರ್ಚು 36,000ದಷ್ಟು ಉಬ್ಬಿಕೊಂಡಿತ್ತು, ಆದಾಯವೂ ಅಷ್ಟೇ, ಆದರೆ ಬರೆದ ಪ್ರತಿಯೊಂದರ ಎರಡೂ ಬದಿ ಸರಿಹೊಂದಿದ್ದರಿಂದ ಸಾಫ್ಟ್‌ವೇರ್ ಸುಮ್ಮನಿತ್ತು. ಯಾವ ಸಂದೇಶವೂ ಬರಲಿಲ್ಲ, ಬರುವುದೂ ಇಲ್ಲ. ಆ ಹನ್ನೆರಡು ಸಾಲುಗಳನ್ನು ಖರ್ಚಿನಿಂದ ಆಸ್ತಿಯ ಕೆಳಗಿನ ಹೊಸ ಪಿಗ್ಮಿ ಖಾತೆಗೆ ಎಲ್ಲಿ ಒತ್ತಿ ಬದಲಿಸಬೇಕು ಎಂಬುದಕ್ಕೆ ಮತ್ತೆ ಕೈಪಿಡಿಯೇ ಬೇಕಾಯಿತು. ಕಾಕಾನಿಗೆ ಅದು ತಿಳಿಯದು.

ಹಾಗಾಗಿ ನನ್ನ ಮಟ್ಟಿಗೆ ಉಳಿದದ್ದು ಇವೆರಡೇ. ಪರದೆಯ ಮೇಲೆ ದೋಷದ ಸಂದೇಶ ಬಂದರೆ ಕೈಪಿಡಿ. ಸಂದೇಶವಿಲ್ಲದೆ ಅಂಕಿ ಮಾತ್ರ ತಪ್ಪಿದ್ದರೆ, ಅಥವಾ ಸರಿ ಇದ್ದೂ ಮನಸ್ಸಿಗೆ ಒಪ್ಪದಿದ್ದರೆ, ಲೆಕ್ಕ ಬಲ್ಲ ಮನುಷ್ಯ. ನಾನು ಈ ಎರಡು ಬಗೆಯ ತೊಂದರೆಯನ್ನೂ ಒಂದೇ ರೋಗ ಎಂದುಕೊಂಡು ಒಂದು ವಾರ ಕಳೆದೆ.

ಕಾಕಾ ರೊಕ್ಕ ಮುಟ್ಟಲಿಲ್ಲ, ಚಹಾ ಕುಡಿಸಿಯೇ ಕಳಿಸಿದರು. ಮುಂದಿನ ಭಾನುವಾರ ಕಬ್ಬಿನ ಖಾತೆ ತರಲು ಹೇಳಿದ್ದಾರೆ. ಕಬ್ಬು ಕೊಟ್ಟ 14 ದಿನಗಳೊಳಗೆ ಕಾರ್ಖಾನೆ ಅದರ ದುಡ್ಡು ಕೊಡಬೇಕೆಂದು ಕೇಂದ್ರದ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮ್ಮ ಕೈಗೆ ಅದು ಕಂತಿನಲ್ಲಿ ಬರುತ್ತದೆ. ಬಂದ ದಿನ ಬರೆಯಬೇಕೋ, ಕಬ್ಬು ಹೋದ ದಿನವೇ ಬರಬೇಕಾದ ಬಾಕಿ ಎಂದು ಬರೆಯಬೇಕೋ ಎಂದು ಕೇಳಬೇಕಾಗಿದೆ.