ಬಿಡಬೇಕಾದ ಮೀನಿಗೆ ಯಾವ ಕೈಬಲೆ?

ಅಮೆರಿಕದ ಸ್ಕೈಕೋಮಿಷ್ ನದಿಯಲ್ಲಿ ಸ್ಟೀಲ್‌ಹೆಡ್, ಅಂದರೆ ಸಮುದ್ರಕ್ಕೆ ಹೋಗಿ ನದಿಗೆ ಮರಳುವ ಟ್ರೌಟ್ ಮೀನು, ಗಾಳಕ್ಕೆ ಬಿದ್ದಾಗ ಮೊದಲು ನೋಡಬೇಕಾದದ್ದು ಅದರ ಬೆನ್ನಿನ ಹಿಂಭಾಗವನ್ನು. ಬಾಲಕ್ಕಿಂತ ತುಸು ಮುಂದೆ, ಬೆರಳ ತುದಿಯಷ್ಟು ಪುಟ್ಟ ರೆಕ್ಕೆಯೊಂದು ಇದ್ದರೆ ಅದು ನದಿಯಲ್ಲೇ ಹುಟ್ಟಿದ ಮೀನು, ಬಿಡಲೇಬೇಕು. ಆ ರೆಕ್ಕೆಯನ್ನು ಕತ್ತರಿಸಿದ್ದರೆ ಮರಿ ಸಾಕಣೆ ಕೇಂದ್ರದಿಂದ ಬಂದದ್ದು, ಹಿಡಿಯುವ ಅವಧಿಯಾಗಿದ್ದರೆ ಮನೆಗೆ ಒಯ್ಯಬಹುದು. ವಾಷಿಂಗ್ಟನ್ ರಾಜ್ಯದ ನದಿಗಳಲ್ಲಿ ಬಿಡಬೇಕಾದ ಸ್ಟೀಲ್‌ಹೆಡ್ಡನ್ನು ನೀರಿನಿಂದ ಪೂರ್ತಿ ಮೇಲೆತ್ತುವಂತೆಯೂ ಇಲ್ಲ. ರೆಕ್ಕೆ ನೋಡುವುದು, ಗಾಳ ಬಿಡಿಸುವುದು ಎಲ್ಲವೂ ಬಲೆಯೊಳಗೆ, ನೀರಿನಲ್ಲೇ ಆಗಬೇಕು. ಗಾಳಕ್ಕೆ ಬಿದ್ದ ಮೀನನ್ನು ಒಳಗೆ ತೆಗೆದುಕೊಳ್ಳುವ ಹಿಡಿಕೆಯ ಬಲೆಯನ್ನು, ಅಂದರೆ ಕೈಬಲೆಯನ್ನು, ಮೊದಲು ಕೊಂಡಾಗ ನನಗೆ ಈ ಯೋಚನೆಯೇ ಬಂದಿರಲಿಲ್ಲ. ತುಂಗೆಯ ದಡದಲ್ಲಿ ಬೀಸುಬಲೆ ನೋಡುತ್ತ ಬೆಳೆದವನಿಗೆ ಬಲೆಯೆಂದರೆ ಮೀನು ತಪ್ಪಿಸಿಕೊಳ್ಳದಂತೆ ಹಿಡಿಯುವ ಸಾಧನ, ಅಷ್ಟೇ.

ನಾಲ್ಕು ಚಳಿಗಾಲಗಳಲ್ಲಿ ಮೂರು ಬಗೆಯ ಬಲೆ ಬಳಸಿದ್ದೇನೆ.

ಮೊದಲನೆಯದು ಗಂಟು ಹಾಕಿ ಹೆಣೆದ ನೈಲಾನ್ ಬಲೆ. ಬಾಯಿಯ ಸುತ್ತಲಿನ ಬಳೆಯ ಅಗಲ 32 ಇಂಚು, ಚೀಲ ಆಳ, ಬೆಲೆ ಕಡಿಮೆ, ತೂಕವೂ ಕಡಿಮೆ. ದೊಡ್ಡ ಕಣ್ಣುಗಳಿಂದ ನೀರು ಸಲೀಸಾಗಿ ಹರಿದುಹೋಗುವುದರಿಂದ ಸೆಳವಿನಲ್ಲೂ ಬೇಗ ತಿರುಗಿಸಬಹುದು. ಗೆಳೆಯರೊಬ್ಬರ ದೋಣಿಯಲ್ಲಿ ಕೋಹೋ ಸಾಲ್ಮನ್ ಹಿಡಿಯುವಾಗ ಇದರ ಬಗ್ಗೆ ಒಂದೇ ಒಂದು ದೂರು ಇರಲಿಲ್ಲ. ತಿನ್ನಲೆಂದೇ ಹಿಡಿದ ಮೀನಿಗೆ ಇಷ್ಟು ಸಾಕು.

ಎರಡನೆಯ ವರ್ಷದ ಡಿಸೆಂಬರಿನಲ್ಲಿ ರೆಕ್ಕೆ ಇರುವ ಹೆಣ್ಣು ಸ್ಟೀಲ್‌ಹೆಡ್ ಒಂದು ಅದೇ ಬಲೆಗೆ ಬಂತು. ಬಂದದ್ದೇ ಒಳಗೆ ಎರಡು ಸುತ್ತು ಉರುಳಿ ದಾರದಲ್ಲಿ ಸುತ್ತಿಕೊಂಡಿತು. ಕಿವಿರಿನ ಮುಚ್ಚಳದ ಅಂಚಿಗೆ ಬಲೆಯ ಒಂದು ಕಣ್ಣು ಸಿಕ್ಕಿಕೊಂಡಿತ್ತು. ಬಾಲದ ಕಡ್ಡಿಗಳ ನಡುವಿನ ತೆಳು ಪೊರೆ ಎರಡು ಕಡೆ ಸೀಳಿತ್ತು. ಬಿಡಿಸಿ ಕಳಿಸಿದ ಮೇಲೆ ನೋಡಿದರೆ ಗಂಟು ಗಂಟಿಗೂ ಮಿನುಗುವ ಹುರುಪೆಗಳು, ಜೊತೆಗೆ ಅಕ್ಕಿ ತೊಳೆದ ನೀರಿನ ಬಣ್ಣದ ಲೋಳೆ. ಆ ಲೋಳೆಯೇ ಮೀನಿನ ಕವಚ. ಅದು ಕಿತ್ತುಹೋದ ಕಡೆ ಹತ್ತಿಯಂಥ ಬಿಳಿ ಬೂಷ್ಟು ಹತ್ತುತ್ತದೆ. ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಟ್ಟು ಸಾಯುತ್ತದೆ; ಸ್ಟೀಲ್‌ಹೆಡ್ ಹಾಗಲ್ಲ, ಕೆಲವು ಮತ್ತೆ ಸಮುದ್ರಕ್ಕಿಳಿದು ಇನ್ನೊಮ್ಮೆ ಹತ್ತಿ ಬರುತ್ತವೆ. ಈ ನದಿಯ ನೀರು ಕೊನೆಗೆ ಸೇರುವ ಕಡಲ ಕೊಲ್ಲಿ ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಿಂದ ಅಮೆರಿಕದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಆ ದಿನದಿಂದ ನಾನು ಗಂಟಿನ ಬಲೆಯನ್ನು ನದಿಗೆ ಒಯ್ದಿಲ್ಲ.

ಎರಡನೆಯದು ಪೂರ್ತಿ ರಬ್ಬರಿನದು. ಮೀನಿನ ಮಟ್ಟಿಗೆ ಇದಕ್ಕಿಂತ ಮೃದುವಾದದ್ದು ಇನ್ನೊಂದಿಲ್ಲ. ತಳ ಹೆಚ್ಚುಕಡಿಮೆ ಚಪ್ಪಟೆ. ಮೀನು ಮಡಚಿಕೊಳ್ಳದೆ, ತೊಟ್ಟಿಲಲ್ಲಿ ಮಲಗಿಸಿದಂತೆ ನೇರವಾಗಿ ನಿಲ್ಲುತ್ತದೆ. ಗಾಳ ರಬ್ಬರಿಗೆ ಚುಚ್ಚಿಕೊಂಡರೂ ಒಮ್ಮೆ ತಿರುಚಿದರೆ ಬಿಡುತ್ತದೆ. ಆದರೆ ಭಾರ. ಸೊಂಟದ ಮಟ್ಟದ ಸೆಳವಿನಲ್ಲಿ ಒಂದು ಕೈಯಲ್ಲಿ ಬಾಗಿದ ಗಾಳದ ಕೋಲು, ಇನ್ನೊಂದರಲ್ಲಿ ಈ ಬಲೆ ಹಿಡಿದು ನಿಂತರೆ ಮಣಿಕಟ್ಟು ಸೋತುಹೋಗುತ್ತದೆ. ಹೊಳೆ ಬಲೆಯನ್ನೇ ಎಳೆದುಕೊಂಡು ಹೋಗಲು ನೋಡುತ್ತದೆ. ನನ್ನದರ ಬಳೆ 20 ಇಂಚಿನದು. ಪಿಂಕ್ ಸಾಲ್ಮನ್‌ಗೆ ಧಾರಾಳವಾಯಿತು. ಈ ಕಡೆಯ ನದಿಗಳಿಗೆ ಅವು ಗುಂಪುಗುಂಪಾಗಿ ಬರುವುದು ಬೆಸ ಸಂಖ್ಯೆಯ ವರ್ಷಗಳಲ್ಲಿ. ದೊಡ್ಡ ಸ್ಟೀಲ್‌ಹೆಡ್‌ಗೆ ಮಾತ್ರ ಅದು ಸಾಲದು, ತಲೆ ಒಳಗೆ ಬಂದರೂ ಬಾಲ ಹೊರಗೇ ಉಳಿಯುತ್ತದೆ.

ಮೂರನೆಯದು ಗಂಟಿಲ್ಲದೆ ಹೆಣೆದು, ದಾರಕ್ಕೆ ರಬ್ಬರ್ ಲೇಪ ಕೊಟ್ಟ ಬಲೆ. ಕಣ್ಣುಗಳು ಸಣ್ಣವು, ಹಾಗಾಗಿ ಬಾಲ ತೂರುವುದಿಲ್ಲ, ಸೀಳುವುದೂ ಇಲ್ಲ. ತೂಕ ಮೊದಲೆರಡರ ನಡುವಿನದು. ಮೃದುತನದಲ್ಲಿ ಪೂರ್ತಿ ರಬ್ಬರಿಗೆ ಒಂದು ಹೆಜ್ಜೆ ಹಿಂದೆ ಎಂದೇ ಹೇಳುತ್ತೇನೆ, ಆದರೆ ಹೊಳೆಯಲ್ಲಿ ನಾನು ನಿಜವಾಗಿ ತಿರುಗಿಸಬಲ್ಲ ಬಲೆ ಇದು. ಮೀನು ಎರಡನೆಯ ಸಲ ತಪ್ಪಿಸಿಕೊಂಡು ಓಡುವ ಮೊದಲೇ ಒಳಗೆ ಬಂದರೆ ಅದರ ದಣಿವೂ ಅಷ್ಟು ಕಡಿಮೆ. ಹಾಗಾಗಿ ಸ್ಟೀಲ್‌ಹೆಡ್‌ಗೆ ನನ್ನ ಆಯ್ಕೆ ಇದೇ, 30 ಇಂಚಿನ ಬಳೆಯೊಂದಿಗೆ. ದೋಣಿಯಲ್ಲಿದ್ದರೆ ಹೊರಗೆಳೆದು ಉದ್ದ ಮಾಡುವ ಹಿಡಿಕೆ ಬೇಕು. ದಡದಲ್ಲಿ ಒಬ್ಬರೇ ನಿಂತು ಹಿಡಿಯುವವರಿಗೆ ಅದು ಬರೀ ತೊಡಕು, ಮೊಳದುದ್ದದ ಹಿಡಿಕೆ ಸಾಕು.

ಯಾವ ಬಲೆಯಾದರೂ ಮೀನಿನ ಬಾಲದ ಹಿಂದೆ ಬೀಸಬೇಡಿ. ಮೊದಲೇ ನೀರಿನಲ್ಲಿ ಮುಳುಗಿಸಿಟ್ಟು, ತಲೆ ಮುಂದಾಗಿ ಮೀನನ್ನು ಅದರ ಮೇಲೆ ತನ್ನಿ. ಇಟ್ಟುಕೊಳ್ಳುವ ಸಾಲ್ಮನ್ ಆಗಿದ್ದರೂ ಹಿಡಿಕೆಯನ್ನು ಅಡ್ಡ ಹಿಡಿದು ಎತ್ತಬೇಡಿ, ಬಳೆ ಬಾಗುತ್ತದೆ. ಹಿಡಿಕೆಯನ್ನು ನೆಟ್ಟಗೆ ಮಾಡಿ, ಬಳೆಯನ್ನೇ ಹಿಡಿದು ಮೇಲೆಳೆಯಿರಿ.

ಲೇಪದ ಬಲೆಗೆ ಒಂದು ಆರೈಕೆ ಇದೆ. ಬಿಸಿಲಿನಲ್ಲಿ ಬಿಟ್ಟರೆ ಲೇಪ ಒಡೆಯುತ್ತದೆ. ಪ್ರತಿ ಅಕ್ಟೋಬರಿನಲ್ಲಿ ಚೀಲದ ತಳದ ಮೇಲೆ ಬೆರಳಾಡಿಸಿ ನೋಡುತ್ತೇನೆ. ಒರಟು ದಾರ ಬೆರಳಿಗೆ ತಾಗಿದರೆ ಬಳೆಯನ್ನು ಉಳಿಸಿಕೊಂಡು ಚೀಲವನ್ನಷ್ಟೇ ಹೊಸದಾಗಿ ಹಾಕುತ್ತೇನೆ.