ಮಧ್ಯಾಹ್ನದ ಹುರುಳಿ ಸಾರಿಗೆ ಹೋಗಿ, ರಾತ್ರಿ ಊಟಕ್ಕೆ ಬೇಡ

ಜಯನಗರದ ಕಡೆ ಹೊಸದಾಗಿ ಒಂದು ಆಯುರ್ವೇದ ಊಟದ ಹೋಟೆಲ್ ಶುರುವಾಗಿದೆ. ಎರಡು ಸಲ ಹೋಗಿದ್ದೆ, ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ. ಮಧ್ಯಾಹ್ನದ ಊಟ ತುಂಬಾ ಹಿಡಿಸಿತು. ರಾತ್ರಿ ಬೇಜಾರಾಯಿತು. ದೂರು ಇರುವುದರಿಂದ ಹೆಸರು ಹಾಕುತ್ತಿಲ್ಲ, ಹೇಳಬೇಕಾದ್ದನ್ನು ಮಾಲೀಕರಿಗೇ ಹೇಳಿ ಬಂದಿದ್ದೇನೆ.

ಇಲ್ಲಿ ಪ್ರತಿ ಪದಾರ್ಥಕ್ಕೂ ಒಂದು ಚಿಕ್ಕ ಕಾರ್ಡ್ ಇಟ್ಟಿರುತ್ತಾರೆ. ಅದರಲ್ಲಿ ರಸ, ವೀರ್ಯ, ವಿಪಾಕ ಅಂತ ಮೂರು ಸಾಲು. ನಾಲಿಗೆಗೆ ಸಿಗುವ ರುಚಿ ರಸ. ಒಳಗೆ ಹೋಗಿ ಉಷ್ಣ ಮಾಡುತ್ತದೋ ತಂಪು ಮಾಡುತ್ತದೋ ಅನ್ನುವುದು ವೀರ್ಯ. ಪೂರ್ತಿ ಜೀರ್ಣವಾದ ಮೇಲೆ ಯಾವ ರುಚಿಯ ಹಾಗೆ ಕೆಲಸ ಮಾಡುತ್ತದೆ ಅನ್ನುವುದು ವಿಪಾಕ. ಔಷಧ ಆಗಲಿ, ಊಟ ಆಗಲಿ, ಆಯುರ್ವೇದದ ಲೆಕ್ಕ ಒಂದೇ. ಈ ಮೂರೂ ಒಂದೇ ದಿಕ್ಕಿಗೆ ಇರಬೇಕು ಅಂತೇನಿಲ್ಲ, ಅಲ್ಲೇ ಇರೋದು ಸ್ವಾರಸ್ಯ.

ಊಟ ಮುಗಿದ ಮೇಲೆ ಒಂದು ತುಂಡು ನೆಲ್ಲಿಚಟ್ಟು ಕೊಟ್ಟರು. ಕಪ್ಪಗೆ, ಸುಕ್ಕು ಸುಕ್ಕಾಗಿ, ಮೇಲೆ ಚೂರು ಉಪ್ಪು. ಬಾಯಿಗೆ ಹಾಕಿದ ತಕ್ಷಣ ಹುಳಿಗೆ ಕಣ್ಣು ಮುಚ್ಚಿಕೊಂಡಿತು, ಆಮೇಲೆ ಒಗರು, ಮೇಲೆ ಒಂದು ಗುಟುಕು ನೀರು ಕುಡಿದರೆ ನೀರೇ ಸಿಹಿ! ಕಾರ್ಡ್‌ನಲ್ಲಿ ಹೀಗಿತ್ತು: ಹುಳಿ, ಶೀತ, ವಿಪಾಕ ಸಿಹಿ. ಸಾಮಾನ್ಯವಾಗಿ ಹುಳಿ ಅಂದರೆ ಉಷ್ಣ, ನೆಲ್ಲಿಕಾಯಿ ಹಾಗಲ್ಲ. ಶುಂಠಿಯ ಕಾರ್ಡ್ ಕೂಡ ಸರಿಯಾಗಿತ್ತು, ರುಚಿ ಖಾರ, ವಿಪಾಕ ಸಿಹಿ. ಒಂದೇ ತಿದ್ದುಪಡಿ, ಬಡಿಸುವ ಹುಡುಗ ಬಾಯಲ್ಲಿ ಬಂದ ಆ ಸಿಹಿಯನ್ನೇ ವಿಪಾಕ ಅಂದ. ಅದಲ್ಲ, ವಿಪಾಕ ನಾಲಿಗೆಗೆ ಗೊತ್ತಾಗುವುದಿಲ್ಲ, ಮೈ ಮೇಲೆ ಆಗುವ ಪರಿಣಾಮ ನೋಡಿಯೇ ತಿಳಿಯಬೇಕು.

ಅವತ್ತು ಬುಧವಾರ, ಹುರುಳಿಕಾಳಿನ ಕಟ್ಟಿನ ಸಾರು ಇತ್ತು. ಬೆಳ್ಳುಳ್ಳಿ ಒಗ್ಗರಣೆ, ಗಟ್ಟಿ ಕಟ್ಟು, ಎರಡು ಸಲ ಹಾಕಿಸಿಕೊಂಡೆ. ಪಾಯಸ ಇಲ್ವಾ ಅಂತ ಕೇಳಿದ್ದಕ್ಕೆ ಅದೇ ಹುಡುಗ, "ಹುರುಳಿ ಜೊತೆ ಹಾಲು ಆಗಲ್ಲ ಸರ್" ಅಂದ. ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆಯಲ್ಲಿ ಹಾಲಿಗೆ ವಿರುದ್ಧ, ಅಂದರೆ ಹಾಲಿನ ಜೊತೆ ಹೊಂದುವುದಿಲ್ಲ ಅಂತ ಹೇಳಿರುವ ಪದಾರ್ಥಗಳಲ್ಲಿ ಹುರುಳಿಯೂ ಇದೆ, ಬಾಳೆಹಣ್ಣೂ ಇದೆ. ಪಾಯಸದ ಬದಲು ಬಾಳೆಹಣ್ಣಿನ ರಸಾಯನ ಕೊಟ್ಟರು, ನಮ್ಮ ಕರಾವಳಿ ಕಡೆಯ ಹಾಗೆ ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಹಾಕಿ. ಇಷ್ಟು ಯೋಚನೆ ಮಾಡಿ ಬಡಿಸುವವರು ಎಷ್ಟು ಜನ ಸಿಗುತ್ತಾರೆ ಹೇಳಿ?

ಆ ಖುಷಿಗೇ ಮುಂದಿನ ವಾರ ರಾತ್ರಿ ಹೋದೆ. ಮೊದಲು ಬಂದಿದ್ದು ಜೇನುತುಪ್ಪ ನಿಂಬೆ ನೀರು, ಸ್ಟೀಲ್ ಲೋಟ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ. ಜೇನುತುಪ್ಪ ಬಿಸಿ ಮಾಡಬೇಡಿ, ಬಿಸಿ ನೀರಿನ ಜೊತೆ ಬೇಡ ಅನ್ನುವುದು ಆಯುರ್ವೇದದ ತುಂಬಾ ಖಡಾಖಂಡಿತ ಮಾತು. ಬೇರೆ ಹೋಟೆಲ್ ಆಗಿದ್ದರೆ ಸುಮ್ನೆ ಇರುತ್ತಿದ್ದೆ, ಆದರೆ ಶಾಸ್ತ್ರದ ಹೆಸರಲ್ಲೇ ಊಟ ಹಾಕುವ ಜಾಗದಲ್ಲಿ ಇದು ಸಣ್ಣ ತಪ್ಪಲ್ಲ. ಕೊನೆಗೆ ಮೊಸರನ್ನ ಬಂತು. ಕಾರ್ಡ್‌ನಲ್ಲಿ "ತಂಪು" ಅಂತ ಬರೆದಿತ್ತು. ಉಷ್ಣ ಆಗಿದೆ, ಮೊಸರು ತಿನ್ನು ಅಂತ ನಮ್ಮ ಮನೆಗಳಲ್ಲಿ ಹೇಳುವುದು ನಿಜ. ಆದರೆ ಗ್ರಂಥದ ಪ್ರಕಾರ ಮೊಸರು ಉಷ್ಣ ವೀರ್ಯ, ರಾತ್ರಿ ತಿನ್ನಲೇಬಾರದು ಅಂತ ಚರಕ ನೇರವಾಗಿ ಹೇಳಿದ್ದಾನೆ.

ಇನ್ನೊಂದು ವಿಷಯ ಗೋಡೆ ಮೇಲಿನ ದೊಡ್ಡ ಬೋರ್ಡ್. 18 ಬಗೆಯ ವಿರುದ್ಧ ಆಹಾರ, ಕೆಂಪು ಅಕ್ಷರದಲ್ಲಿ. ಪಕ್ಕದ ಟೇಬಲ್‌ನ ಅಜ್ಜಿ ಅದನ್ನು ಓದಿ, "ಅಯ್ಯೋ, ಮೊಮ್ಮಗಳಿಗೆ ದಿನಾ ಹಾಲು ಬಾಳೆಹಣ್ಣು ಕೊಡ್ತಿದ್ದೀನಲ್ಲ" ಅಂತ ಗಾಬರಿಯಾದರು. ಚರಕ ಸಂಹಿತೆಯಲ್ಲಿ ಈ 18 ಬಗೆ ಹೇಳಿರುವ ಅಧ್ಯಾಯದಲ್ಲೇ ಇನ್ನೊಂದು ಮಾತೂ ಇದೆ: ಅಭ್ಯಾಸ ಇರುವವರಿಗೆ, ಸ್ವಲ್ಪ ತಿನ್ನುವವರಿಗೆ, ಜೀರ್ಣಶಕ್ತಿ ಚೆನ್ನಾಗಿರುವವರಿಗೆ, ಹರೆಯದವರಿಗೆ, ವ್ಯಾಯಾಮ ಮಾಡುವವರಿಗೆ ವಿರುದ್ಧ ಆಹಾರ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಆ 18ರಲ್ಲೇ ಪ್ರಮಾಣದ್ದೂ ಒಂದು ಬಗೆ. ತುಪ್ಪ, ಜೇನುತುಪ್ಪ ಸಮ ಪ್ರಮಾಣದಲ್ಲಿ ಬೆರೆತರೆ ವಿರುದ್ಧ, ಹೆಚ್ಚುಕಮ್ಮಿ ಇದ್ದರೆ ಅಲ್ಲ. ಬೋರ್ಡ್‌ನಲ್ಲಿ ಈ ಸಾಲುಗಳು ಇಲ್ಲದೆ ಹೋದರೆ ಬರೀ ಹೆದರಿಕೆ ಉಳಿಯುತ್ತದೆ. ಅಜ್ಜಿಗೆ ಇಷ್ಟನ್ನೂ ಹೇಳಿದೆ, ಆಮೇಲೆ ಅವರು ನೆಮ್ಮದಿಯಾಗಿ ಊಟ ಮಾಡಿದರು.

ಮಾಲೀಕರು ನಿಂತು ಕೇಳಿಸಿಕೊಂಡರು. ಜೇನುತುಪ್ಪವನ್ನು ಇನ್ನು ಮುಂದೆ ತಣ್ಣಗಿನ ನೀರಿನಲ್ಲೇ ಕೊಡುತ್ತೇವೆ ಅಂದರು, ಬೋರ್ಡ್‌ಗೆ ಆ ಸಾಲುಗಳನ್ನು ಸೇರಿಸಲೂ ಒಪ್ಪಿದರು. ಮೊಸರನ್ನ ಮಾತ್ರ ಗಿರಾಕಿಗಳು ಬಿಡಲ್ಲ ಸರ್ ಅಂದರು. ಹಾಗಾದರೆ ಕಾರ್ಡ್‌ನಲ್ಲಿ "ತಂಪು" ಅನ್ನುವುದನ್ನಾದರೂ ತೆಗೀರಿ ಅಂದೆ.

ಊಟ 260 ರೂಪಾಯಿ, ಅಷ್ಟಕ್ಕೆ ಮೋಸ ಇಲ್ಲ. ಬುಧವಾರ ಒಂದು ಗಂಟೆಯೊಳಗೆ ಹೋಗಿ, ಹುರುಳಿ ಕಟ್ಟು ಬೇಗ ಖಾಲಿಯಾಗುತ್ತದೆ.