ಬಾಡುವ ಹೂವಿಗೆ ಈ ಪೊಳ್ಳು ಕೊಳವೆ ಸಾಕು

ಮೊದಲೇ ಹೇಳಿಬಿಡುತ್ತೇನೆ, ಇದರೊಳಗೆ ಗಾಜೇ ಇಲ್ಲ. ಎಕ್ಸ್‌ಟೆನ್ಶನ್ ಟ್ಯೂಬ್ ಅಂದರೆ ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸುವ ಪೊಳ್ಳು ಕೊಳವೆ, ಅಷ್ಟೇ. ಲೆನ್ಸು ಸೆನ್ಸರಿನಿಂದ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಚಿಪ್) ದೂರ ಸರಿದಷ್ಟೂ ಹೂವಿಗೆ ಹತ್ತಿರ ಹೋಗಬಹುದು, ಹೂವು ಅಷ್ಟು ದೊಡ್ಡದಾಗಿ ಕಾಣುತ್ತದೆ. ನಾನು ಕೊಂಡ ಸೆಟ್ಟಿನಲ್ಲಿ ಮೂರು ಕೊಳವೆಗಳಿವೆ: 13, 21 ಮತ್ತು 31 ಮಿಲಿಮೀಟರ್. ಎರಡೂವರೆ ಸಾವಿರಕ್ಕೆ ಸ್ವಲ್ಪ ಕಡಿಮೆ ಆಯಿತು. ಹೆಚ್ಚೂಕಡಿಮೆ ಇದೇ ಮಾಲು ಹತ್ತಾರು ಹೆಸರಿನಲ್ಲಿ ಸಿಗುತ್ತದೆ, ಹಾಗಾಗಿ ಬ್ರ್ಯಾಂಡ್ ಹೆಸರು ಬೇಡ.

ನಾನು ತೆಗೆಯುವುದು ಹೂದಾನಿಯ ಹೂವುಗಳನ್ನು, ಅದೂ ಬಾಡುತ್ತಿರುವ ಹೂವುಗಳನ್ನು. ಗಾಂಧಿ ಬಜಾರಿನ ಹೂವಿನವರು 'ಮೊಗ್ಗು ತಗೊಳ್ಳಿ ಮೇಡಂ, ವಾರ ಬರತ್ತೆ' ಅಂತಾರೆ. ನನಗೆ ಬೇಕಿರುವುದು ಆ ವಾರದ ಕೊನೆಯ ಭಾಗ. ಮನೆಯಲ್ಲಿ ಅತ್ತೆಗೆ ಇದು ಸರಿಬರುವುದಿಲ್ಲ. 'ಬಾಡಿದ ಹೂ ಯಾಕಮ್ಮ ಇಟ್ಕೊಂಡಿದ್ದೀಯ, ತೆಗೆದು ಗಿಡದ ಬುಡಕ್ಕೆ ಹಾಕು' ಅನ್ನುತ್ತಾರೆ. ಈಗ ಹೂದಾನಿ ಊಟದ ಮೇಜಿನಿಂದ ನನ್ನ ಕೋಣೆಯ ಕಿಟಕಿಗೆ ಬಂದಿದೆ. ಉತ್ತರದ ಕಿಟಕಿ, ಬಿಸಿಲು ನೇರ ಬೀಳುವುದಿಲ್ಲ. ಅತ್ತೆಯ ಗೊಣಗಾಟದಿಂದ ಲಾಭವೇ ಆಯಿತು.

ಕ್ಯಾಮೆರಾ ಹಳೆಯ ಕ್ಯಾನನ್ 1300ಡಿ, ಲೆನ್ಸು ಎಲ್ಲರ ಮನೆಯಲ್ಲೂ ಇರುವ 50 ಎಂಎಂ ಎಫ್/1.8 ಎಸ್‌ಟಿಎಂ. ಬರೀ ಈ ಲೆನ್ಸಿನಲ್ಲಿ 35 ಸೆಂಟಿಮೀಟರ್‌ಗಿಂತ ಹತ್ತಿರ ಹೋದರೆ ಫೋಕಸ್ ಆಗುವುದಿಲ್ಲ. ಅಲ್ಲಿಂದ ಫೋಟೋದ ಅಗಲಕ್ಕೆ ಹತ್ತು ಸೆಂಟಿಮೀಟರ್ ಚಿಲ್ಲರೆ ಜಾಗ ಬರುತ್ತದೆ. ಅಂದರೆ ಇಡೀ ಗುಲಾಬಿ ಬಂತು, ಆದರೆ ಎಸಳಿನ ಅಂಚು ಸುರುಟುವುದು ಕಾಣಲಿಲ್ಲ. 31ರ ಕೊಳವೆ ಹಾಕಿದರೆ ಅದೇ ಅಗಲಕ್ಕೆ ಸುಮಾರು 27 ಮಿಲಿಮೀಟರ್ ಮಾತ್ರ ಬರುತ್ತದೆ. ಮೂರನ್ನೂ ಜೋಡಿಸಿದರೆ 15. ಆಗ ಲೆನ್ಸಿನ ಮೂತಿ ಹೂವಿಗೆ ತೀರಾ ಹತ್ತಿರ ಬಂದು, ಕ್ಯಾಮೆರಾದ ನೆರಳೇ ಎಸಳಿನ ಮೇಲೆ ಬೀಳುತ್ತದೆ. ನಾನು ಮೂರನ್ನೂ ಜೋಡಿಸುವುದು ಅಪರೂಪ.

ಇಷ್ಟಕ್ಕೆ ಏನು ಸಿಗುತ್ತದೆ? ಕೆಂಪು ಗುಲಾಬಿಯನ್ನೇ ನೋಡಿ. ದಿನ ಕಳೆದಂತೆ ಅದರ ಕೆಂಪು ನೇರಳೆ ಕಡೆಗೆ ತಿರುಗುತ್ತದೆ. ಎಸಳಿನೊಳಗಿನ ಪ್ರೋಟೀನು ಒಡೆದು ಅಮೋನಿಯಾ ಹುಟ್ಟುತ್ತದೆ, ಜೀವಕೋಶದ ರಸದ ಹುಳಿ ಕಡಿಮೆಯಾಗುತ್ತದೆ, ಅದೇ ಬಣ್ಣ ನೀಲಿಯಾಗಿ ಕಾಣತೊಡಗುತ್ತದೆ. ದೂರದಿಂದ ನೋಡಿದರೆ ಸುಮ್ನೆ ಮಂಕಾಗಿದೆ ಅನ್ನಿಸುತ್ತದೆ. ಕೊಳವೆ ಹಾಕಿ ನೋಡಿದರೆ ನೀಲಿ ಎಲ್ಲಿಯವರೆಗೆ ಬಂದಿದೆ ಅಂತ ಗೆರೆ ಎಳೆಯಬಹುದು. ಜರ್ಬೆರಾ ಇನ್ನೂ ಚೆನ್ನ. ಅದರ ನಡುವಿನ ಬಿಲ್ಲೆ ನಿಜಕ್ಕೂ ನೂರಾರು ಪುಟ್ಟ ಹೂಗಳು. ಅವು ಹೊರಗಿನ ಸುತ್ತಿನಿಂದ ಒಳಕ್ಕೆ ಒಂದೊಂದೇ ಸಾಲಾಗಿ ಅರಳುತ್ತವೆ. ಇತ್ತ ಕತ್ತು ಬಾಗುತ್ತಿದ್ದರೂ ಅತ್ತ ಒಳಗೆ ಹೊಸ ಸಾಲು ಅರಳುತ್ತಿರುತ್ತದೆ! ಲಿಲ್ಲಿಯ ಎಸಳು ಕೊನೆಕೊನೆಗೆ ಎಣ್ಣೆ ಹಚ್ಚಿದ ಕಾಗದದ ತರ ಬೆಳಕು ಬಿಡುತ್ತದೆ, ಹಿಂದಿನಿಂದ ಬೆಳಕು ಬಿದ್ದರೆ ನರಗಳೆಲ್ಲ ಎದ್ದು ಕಾಣುತ್ತವೆ.

ನನ್ನ ಮೆಚ್ಚಿನದು ಸುಗಂಧರಾಜ. ಕೆಳಗಿನಿಂದ ಮೇಲಕ್ಕೆ ಅರಳುವ ಹೂವಾದ್ದರಿಂದ ಒಂದೇ ಕಡ್ಡಿಯಲ್ಲಿ ಕಂದಿದ್ದೂ ಇರುತ್ತದೆ, ಅರಳಿದ್ದೂ ಇರುತ್ತದೆ, ಮೊಗ್ಗೂ ಇರುತ್ತದೆ. ಸಾಧ್ಯವಾದರೆ ಸುತ್ತುಸುತ್ತಾಗಿ ಎಸಳಿರುವ ಡಬಲ್ ಜಾತಿಯದು ತನ್ನಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ 'ಸುವಾಸಿನಿ' ಅಂಥದ್ದು. ಕಂದುವಾಗ ಅದರ ಮಡಿಕೆಗಳಲ್ಲಿ ನೋಡಲು ಜಾಸ್ತಿ ಇರುತ್ತದೆ.

ಇನ್ನು ಕೊಳವೆಯ ತೊಂದರೆಗಳು. ಕಡಿಮೆ ಏನಿಲ್ಲ. ಆಟೋಫೋಕಸ್ ಹೆಸರಿಗೆ ಮಾತ್ರ. ಅತ್ತಿತ್ತ ಓಡಾಡಿ ಸುಮ್ಮನಾಗುತ್ತದೆ. 31ರ ಜೊತೆ ಎಫ್/8 (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಇಟ್ಟರೂ ಫೋಕಸ್ ಆಗುವ ಆಳ ಒಂದು ಮಿಲಿಮೀಟರೂ ಇಲ್ಲ. ಬೆಳಕು ಬೇರೆ ನಷ್ಟ. ಆ ಎಫ್/8 ನಿಜದಲ್ಲಿ ಎಫ್/14ರ ಮೇಲಿನ ಕತ್ತಲಿಗೆ ಸಮ. ಹಾಗಾಗಿ ಶಟರ್ ಅರ್ಧ ಸೆಕೆಂಡ್ ತೆರೆದಿರಬೇಕಾಗುತ್ತದೆ. ಟ್ರೈಪಾಡ್ ಬೇಕು, ಟೈಮರ್ ಬೇಕು, ಫ್ಯಾನ್ ಆರಿಸಲೇಬೇಕು. ಏಪ್ರಿಲ್‌ನಲ್ಲಿ ಇದು ತಪಸ್ಸು.

ಆದರೆ ಯೋಚಿಸಿ, ಬಾಡುವ ಹೂವು ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ? ಲೈವ್ ವ್ಯೂ, ಅಂದರೆ ಕ್ಯಾಮೆರಾದ ಪರದೆಯಲ್ಲಿ ಕಾಣುವ ಚಿತ್ರ, ಹತ್ತು ಪಟ್ಟು ದೊಡ್ಡದು ಮಾಡಿ, ಕೈಯಲ್ಲೇ ನಿಧಾನವಾಗಿ ಫೋಕಸ್ ಮಾಡಲು ಬೇಕಾದಷ್ಟು ಹೊತ್ತಿದೆ. ಬೇರೆ ಕೆಲಸಕ್ಕೆ ದೊಡ್ಡ ಕೊರತೆ ಅನ್ನಿಸುವುದೆಲ್ಲ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹತ್ತಿರದ ಚಿತ್ರಕ್ಕೆಂದೇ ಮಾಡಿದ ಕ್ಯಾನನ್‌ನ 100 ಎಂಎಂ ಎಲ್ ಮ್ಯಾಕ್ರೋ ಒಳ್ಳೆಯ ಲೆನ್ಸು, ಎರಡು ಮಾತಿಲ್ಲ. 30 ಸೆಂಟಿಮೀಟರ್‌ನಿಂದಲೇ ವಸ್ತುವನ್ನು ನಿಜ ಅಳತೆಯಲ್ಲಿ ಸೆನ್ಸರಿನ ಮೇಲೆ ತರುತ್ತದೆ, ನೆರಳಿನ ಕಾಟವಿಲ್ಲ. ಆದರೆ ಹೊಸದಕ್ಕೆ ಅರ್ಧ ಲಕ್ಷಕ್ಕೂ ಮೇಲೆ. ಕೈ ಅದುರಿದರೆ ಸರಿಮಾಡುವ ವ್ಯವಸ್ಥೆಗೂ ಸೇರಿಸಿ ದುಡ್ಡು ಕೊಡುತ್ತೀರಿ, ಟ್ರೈಪಾಡ್ ಮೇಲೆ ಅದಕ್ಕೆ ಕೆಲಸವೇ ಇಲ್ಲ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ನೂರು ವರ್ಷದ ಹಿಂದೆ ತಾನೇ ಕಟ್ಟಿಕೊಂಡ ಕ್ಯಾಮೆರಾದಲ್ಲಿ, ಬರೀ ಹಗಲ ಬೆಳಕಿನಲ್ಲಿ ಗಿಡದ ಕುಡಿ, ಮೊಗ್ಗುಗಳನ್ನು ತೆಗೆದ. ದುಬಾರಿ ಲೆನ್ಸಿನ ಮಾತೆತ್ತುವ ಗೆಳೆಯರಿಗೆ ನಾನು ಅವನ ಚಿತ್ರ ತೋರಿಸುತ್ತೇನೆ.

ನನಗೆ ನಿಜವಾಗಿ ಸಿಟ್ಟು ಬರಿಸಿದ್ದು ಬೇರೆ. ಕೊಳವೆಯ ಒಳಮೈ ಕಪ್ಪಾಗಿದ್ದರೂ ಮಿರುಗುತ್ತದೆ. ಕಿಟಕಿ ಎದುರಿಗಿದ್ದರೆ ಫೋಟೋದ ನಡುವೆ ಮಂಜು ಕವಿದಂತೆ ಬಿಳಿ ಮಚ್ಚೆ. ಲಿಲ್ಲಿಯ ಎಸಳಿಗೆ ಹಿಂದಿನ ಬೆಳಕೇ ಬೇಕಿರುವಾಗ ಹೀಗಾದರೆ? ಒಳಗೆ ಕಪ್ಪು ವೆಲ್ವೆಟ್ ಕಾಗದ ಅಂಟಿಸಿದ ಮೇಲೆ ಸರಿಹೋಯಿತು. ಇಷ್ಟನ್ನು ತಯಾರಿಸುವವರೇ ಮಾಡಿ ಕೊಡಬಹುದಿತ್ತು. ಪ್ಲಾಸ್ಟಿಕ್ ಜೋಡಣೆ ಸ್ವಲ್ಪ ಅಲ್ಲಾಡುತ್ತದೆ, 50 ಎಂಎಂ ಹಗುರ ಇರುವುದರಿಂದ ನಡೆಯುತ್ತದೆ. ಭಾರದ ಲೆನ್ಸು ಇದಕ್ಕೆ ಹಾಕಬೇಡಿ.

ಕೊಂಡವರಿಗೆ ಇನ್ನೊಂದು ಮಾತು. ವೈಟ್ ಬ್ಯಾಲೆನ್ಸ್ ಆಟೋದಲ್ಲಿ ಬಿಡಬೇಡಿ. ದಿನಾ ಅದು ತನಗೆ ತೋಚಿದಂತೆ ಬಣ್ಣ ತಿದ್ದುತ್ತದೆ, ಸೋಮವಾರದ ಗುಲಾಬಿಯನ್ನೂ ಶುಕ್ರವಾರದ್ದನ್ನೂ ಪಕ್ಕಪಕ್ಕ ಇಟ್ಟರೆ ಹೋಲಿಸಲು ಆಗುವುದಿಲ್ಲ. ಟ್ರೈಪಾಡಿನ ಕಾಲು, ಹೂದಾನಿಯ ಬುಡ ಎರಡಕ್ಕೂ ಟೇಪಿನಲ್ಲಿ ಗುರುತು ಹಾಕಿ. ಮನೆಯಲ್ಲಿ ಕಸ ಗುಡಿಸುವವರಿಗೂ ಹೇಳಿಡಿ.

ಕೊಳ್ಳುವಾಗ ಒಂದನ್ನು ಮಾತ್ರ ನೋಡಿ. ಇನ್ನೂ ಅಗ್ಗದ ಕೊಳವೆಗಳಲ್ಲಿ ವಿದ್ಯುತ್ ಸಂಪರ್ಕದ ಪಿನ್ನುಗಳಿರುವುದಿಲ್ಲ. ಎಸ್‌ಟಿಎಂ ಲೆನ್ಸಿನ ಫೋಕಸ್ ರಿಂಗ್ ಕೂಡ ಕರೆಂಟಿಲ್ಲದೆ ಕೆಲಸ ಮಾಡುವುದಿಲ್ಲ, ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಅಂತೂ ಪೂರ್ತಿ ತೆರೆದೇ ಇರುತ್ತದೆ. ಅಂಗಡಿಯಲ್ಲೇ ಲೆನ್ಸು ಹಾಕಿ, ಕ್ಯಾಮೆರಾ ಆನ್ ಮಾಡಿ. ಪರದೆಯಲ್ಲಿ ಅಪರ್ಚರ್ ಜಾಗದಲ್ಲಿ 00 ಅಂತ ಬಂದರೆ ಅಲ್ಲೇ ವಾಪಸ್ ಕೊಟ್ಟುಬಿಡಿ.